ಮೇಸ್ತ್ರಿಗೆ ಪತ್ರ: ಮೂರು ಸಲವೂ ಅದೇ ಬೇರಿಂಗ್ ಯಾಕೆ ಹೋಯಿತು?

ಪ್ರಶ್ನೆ: ಮೇಸ್ತ್ರಿಗಳಿಗೆ ನಮಸ್ಕಾರ. ನಮ್ಮದು 1997ರ ಮಾರುತಿ 800. ಅಪ್ಪನ ಗಾಡಿ, ಮಾರಲು ಮನಸ್ಸಿಲ್ಲ. ಹೋದ ವರ್ಷ ಎಂಜಿನ್‌ನಲ್ಲಿ ಟೊಕ್ ಟೊಕ್ ಸದ್ದು ಶುರುವಾಯಿತು. ಊರಿನ ಗ್ಯಾರೇಜ್‌ನವರು ಚೇಂಬರ್ (ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿ ನೋಡಿ, ಎರಡನೇ ಕನೆಕ್ಟಿಂಗ್ ರಾಡ್‌ನ (ಪಿಸ್ಟನ್ ಅನ್ನು ಕ್ರ್ಯಾಂಕ್ ಶಾಫ್ಟ್‌ಗೆ ಜೋಡಿಸುವ ದಂಡ) ಬೇರಿಂಗ್ ಹೋಗಿದೆ ಎಂದರು. ಕೆಳಗಿಂದಲೇ ಹೊಸ ಶೆಲ್ (ಬೇರಿಂಗ್‌ನ ಅರ್ಧ ಉಂಗುರದ ಚೂರುಗಳು) ಹಾಕಿ ಕೊಟ್ಟರು. 6,000 ಕಿ.ಮೀ. ಬಂತು, ಮತ್ತೆ ಸದ್ದು. ಆಗ ಎಂಜಿನ್ ಇಳಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಸಣ್ಣಗಾದ ಆ ಕ್ರ್ಯಾಂಕ್‌ಗೆ ಹೊಂದುವ 0.25 ಮಿ.ಮೀ. ಅಂಡರ್‌ಸೈಜ್ ಶೆಲ್ ಹಾಕಿಸಿದೆವು. 1,400 ಕಿ.ಮೀ.ಗೇ ಮತ್ತೆ ಅದೇ ಸದ್ದು, ಅದೇ ಎರಡನೇ ರಾಡ್. ಗ್ಯಾರೇಜ್‌ನವರು ಶೆಲ್ ಡುಪ್ಲಿಕೇಟ್ ಅಂತಾರೆ. ಶೆಲ್ ಮಾರಿದವರು ಗ್ರೈಂಡಿಂಗ್ ಸರಿಯಿಲ್ಲ ಅಂತಾರೆ. ಗ್ರೈಂಡಿಂಗ್‌ನವರು ಆಯಿಲ್ ಸರಿಯಿಲ್ಲ ಅಂತಾರೆ. ಬೇಜಾರಾಗಿ ಈ ಸಲ ನಾನು ಮತ್ತು ನಮ್ಮ ಭಾವ ಸೇರಿ ಅಡಿಕೆ ಮನೆಯಲ್ಲೇ ಎಂಜಿನ್ ಬಿಚ್ಚಿದ್ದೇವೆ. ಶೆಲ್‌ಗಳ ಫೋಟೋ ಇಟ್ಟಿದ್ದೇನೆ. ಕಂಪ್ರೆಷನ್ ಬಿಚ್ಚುವ ಮುಂಚೆ ನೋಡಿದ್ದೆವು, ಎರಡನೆಯದು ಮಾತ್ರ 10 ಪಿಎಸ್‌ಐ ಕಡಿಮೆ. ಆಯಿಲ್ ಪ್ರೆಷರ್ ಸರಿ ಇತ್ತು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ರೈಲ್ವೆ ಅಂಡರ್‌ಪಾಸ್ ನೀರಲ್ಲಿ ಗಾಡಿ ಒಮ್ಮೆ ನಿಂತಿತ್ತು. ಪ್ಲಗ್ ಬಿಚ್ಚಿ ನೀರು ತೆಗೆದ ಮೇಲೆ ಸ್ಟಾರ್ಟ್ ಆಯಿತು, ಅದು ಬಿಡಿ. ಈಗ ಯಾವ ಕಂಪನಿಯ ಶೆಲ್ ಹಾಕಿದರೆ ಬಾಳಿಕೆ ಬರುತ್ತದೆ?
(ತೀರ್ಥಹಳ್ಳಿ ಕಡೆಯ ಓದುಗರು, ಹೆಸರು ಬೇಡ ಎಂದಿದ್ದಾರೆ)

ಉತ್ತರ: ಮೊದಲು ನಿಮಗೂ ನಿಮ್ಮ ಭಾವನವರಿಗೂ ಒಂದು ಶಹಬ್ಬಾಸ್. ಆರು ಶೆಲ್‌ಗಳನ್ನೂ ಪೇಪರ್ ಮೇಲೆ ಸಾಲಾಗಿ ಇಟ್ಟು, ಮೇಲಿನದು ಯಾವುದು, ಕೆಳಗಿನದು ಯಾವುದು, ಮುಂಭಾಗ ಯಾವ ಕಡೆ ಅಂತ ಪೆನ್ನಲ್ಲಿ ಬರೆದು ಫೋಟೋ ತೆಗೆದಿದ್ದೀರಿ. ನಾನು ದಾವಣಗೆರೆಯಲ್ಲಿ 31 ವರ್ಷ ಕ್ರ್ಯಾಂಕ್ ಗ್ರೈಂಡಿಂಗ್ ಮಷಿನ್ ನಡೆಸಿದೆ. ಹಳೇ ಶೆಲ್ ತನ್ನಿ ಅಂದರೆ ನೂರಕ್ಕೆ ತೊಂಬತ್ತು ಜನ ಪ್ಲಾಸ್ಟಿಕ್ ಕವರ್‌ನಲ್ಲಿ ಕಡ್ಲೆಪುರಿ ತರ ಸುರಿದುಕೊಂಡು ಬರುತ್ತಿದ್ದರು. ಯಾವುದು ಎಲ್ಲಿಯದು ಅಂತ ಗೊತ್ತಿಲ್ಲದ ಶೆಲ್‌ನಿಂದ ಏನೂ ತಿಳಿಯುವುದಿಲ್ಲ. ನಮ್ಮ ಅಂಗಡಿಯಲ್ಲಿ ಮೊಟ್ಟೆ ಟ್ರೇ ಇಟ್ಟಿದ್ದೆವು. ಒಂದೊಂದು ಗುಳಿಗೆ ಒಂದೊಂದು ನಂಬರ್. ಬಿಚ್ಚಿದ ಶೆಲ್ ನೇರ ಅಲ್ಲಿಗೇ ಹೋಗಬೇಕು.

ಈಗ ನಿಮ್ಮ ಫೋಟೋ. ನೀವು ಕೇಳಿದ್ದು ಯಾವ ಕಂಪನಿ ಅಂತ. ಯಾವ ಕಂಪನಿಯದು ಹಾಕಿದರೂ ಹೋಗುತ್ತದೆ. ತಪ್ಪು ಶೆಲ್‌ನದ್ದಲ್ಲ.

ಮೊದಲನೇ ಮತ್ತು ಮೂರನೇ ರಾಡ್‌ನ ಶೆಲ್ ನೋಡಿ. ಮಧ್ಯದಲ್ಲಿ ಒಂದೇ ಸಮ ತಿಳಿ ಬೂದು ಬಣ್ಣ, ಅಂಚು ಹೊಸದರಂತೆ. ಅಂದರೆ ಆಯಿಲ್ ಹೋಗುತ್ತಿದೆ, ಆಯಿಲ್‌ನಲ್ಲಿ ಕಸ ಇಲ್ಲ. ಕಸ ಇದ್ದಿದ್ದರೆ ಎಲ್ಲ ಶೆಲ್‌ನಲ್ಲೂ ಉದ್ದುದ್ದ ಗೀರು ಇರುತ್ತಿತ್ತು, ಒಂದೆರಡು ಕಣ ಕಚ್ಚಿಕೊಂಡು ಅದರ ಸುತ್ತ ಹೊಳೆಯುವ ಉಂಗುರ ಕಾಣುತ್ತಿತ್ತು. ಆಯಿಲ್ ಸರಿಯಿಲ್ಲ ಅನ್ನುವ ಮಾತು ಇಲ್ಲಿಗೆ ಮುಗಿಯಿತು.

ಎರಡನೆಯದಕ್ಕೆ ಬನ್ನಿ. ಮೇಲಿನ ಶೆಲ್‌ನಲ್ಲಿ ಮುಂಭಾಗದ ಅಂಚು ತಾಮ್ರದ ಬಣ್ಣ ಕಾಣುವಷ್ಟು ಸವೆದಿದೆ, ಹಿಂಭಾಗದ ಅಂಚಿಗೆ ಏನೂ ಆಗಿಲ್ಲ. ಕೆಳಗಿನ ಶೆಲ್‌ನಲ್ಲಿ ಸರಿಯಾಗಿ ಉಲ್ಟಾ. ಹಿಂಭಾಗದ ಅಂಚು ಸವೆದಿದೆ, ಮುಂಭಾಗ ಹಾಗೇ ಇದೆ. ಎರಡನ್ನೂ ಜೋಡಿಸಿ ಹಿಡಿದರೆ ಸವೆತ ಓರೆಯಾಗಿ ಎದುರುಬದುರು ಕೂರುತ್ತದೆ. ಇದೇ ಇಡೀ ಕಥೆ.

ಯಾಕೆ ಅಂತ ಹೇಳುತ್ತೇನೆ. ಗ್ರೈಂಡಿಂಗ್ ಮಾಡುವಾಗ ಜರ್ನಲ್ (ಶೆಲ್ ಒಳಗೆ ತಿರುಗುವ ಕ್ರ್ಯಾಂಕ್‌ನ ದುಂಡು ಭಾಗ) ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆಗಿದ್ದರೆ, ಮೇಲಿನ ಶೆಲ್ಲೂ ಕೆಳಗಿನ ಶೆಲ್ಲೂ ಒಂದೇ ಕಡೆಯ ಅಂಚಲ್ಲಿ ಸವೆಯುತ್ತಿದ್ದವು. ಜರ್ನಲ್‌ನ ಮೂಲೆಯ ರೇಡಿಯಸ್ (ದುಂಡು ತಿರುವು) ದೊಡ್ಡದಾಗಿ ಬಿಟ್ಟಿದ್ದರೆ, ಶೆಲ್‌ನ ಅಂಚು ಹೋಗಿ ಆ ಮೂಲೆಗೇ ಉಜ್ಜುತ್ತಿತ್ತು. ರಾಡ್‌ನ ಕ್ಯಾಪ್ (ಕೆಳಗಿನ ಶೆಲ್ ಹಿಡಿಯುವ ಮುಚ್ಚಳ) ಅದಲುಬದಲಾಗಿದ್ದರೆ ಎರಡು ಶೆಲ್ ಸೇರುವ ಜಾಗದ ಹತ್ತಿರ ಸವೆತ ಇರುತ್ತಿತ್ತು. ಓರೆಯಾಗಿ ಎದುರುಬದುರು ಸವೆದರೆ ಬೇರೆ ಅರ್ಥವೇ ಇಲ್ಲ. ನಿಮ್ಮ ಎರಡನೇ ರಾಡ್ ಬಾಗಿದೆ.

ಇನ್ನು ನೀವು ‘ಅದು ಬಿಡಿ’ ಅಂದಿರಲ್ಲ, ಆ ಅಂಡರ್‌ಪಾಸ್ ನೀರು. ಅದನ್ನೇ ಬಿಡಬಾರದು.

ನಿಮ್ಮ ಎಂಜಿನ್ 796 ಸಿಸಿ, ಮೂರು ಸಿಲಿಂಡರ್. ಒಂದೊಂದಕ್ಕೆ 265 ಸಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಹೆಡ್‌ನೊಳಗೆ ಉಳಿಯುವ ಜಾಗ ಸುಮಾರು 35 ಸಿಸಿ. ಚಿಕ್ಕ ಕಾಫಿ ಲೋಟದ ಅರ್ಧ ಕೂಡ ಅಲ್ಲ. ಗಾಳಿಯಾದರೆ ಅಷ್ಟು ಜಾಗದಲ್ಲಿ ಕುಗ್ಗಿ ಕೂರುತ್ತದೆ. ನೀರು ಕುಗ್ಗುವುದಿಲ್ಲ. ಏರ್ ಫಿಲ್ಟರ್ ದಾರಿಯಲ್ಲಿ ಅದಕ್ಕಿಂತ ಜಾಸ್ತಿ ನೀರು ಒಳಗೆ ಹೋಯಿತು ಅಂದರೆ, ಮೇಲೆ ಬರುತ್ತಿರುವ ಪಿಸ್ಟನ್ ಗೋಡೆಗೆ ಡಿಕ್ಕಿ ಹೊಡೆದ ಹಾಗೆ ನಿಲ್ಲುತ್ತದೆ. ಕೆಳಗಿಂದ ಕ್ರ್ಯಾಂಕ್ ತಳ್ಳುತ್ತಲೇ ಇರುತ್ತದೆ. ಮಧ್ಯೆ ಸಿಕ್ಕಿಹಾಕಿಕೊಂಡ ರಾಡ್ ಬಾಗದೆ ಏನು ಮಾಡೀತು? ಕೆಲವು ಸಲ ಮುರಿದು ಬ್ಲಾಕ್ ತೂತು ಮಾಡಿ ಹೊರಗೇ ಬರುತ್ತದೆ. ನಿಮ್ಮದು ಸ್ವಲ್ಪ ಬಾಗಿ ಸುಮ್ಮನಾಗಿದೆ. ನೀರು ತೆಗೆದ ಮೇಲೆ ಎಂಜಿನ್ ಸ್ಟಾರ್ಟ್ ಆಗಿದ್ದರಿಂದ ಎಲ್ಲರೂ ಮರೆತರು.

ಸ್ವಲ್ಪ ಬಾಗಿದರೆ ಇಷ್ಟು ಹಾನಿಯೇ ಅಂತ ಅನ್ನಿಸಬಹುದು. ಲೆಕ್ಕ ಹಾಕಿ. ಶೆಲ್‌ಗೂ ಜರ್ನಲ್‌ಗೂ ಮಧ್ಯೆ ಆಯಿಲ್ ನಿಲ್ಲುವ ಸಂದು 0.02ರಿಂದ 0.05 ಮಿ.ಮೀ., ತಲೆಕೂದಲಿಗಿಂತ ತೆಳು. ರಾಡ್ 100 ಮಿ.ಮೀ. ಉದ್ದಕ್ಕೆ 0.20 ಬಾಗಿದೆ ಅಂದುಕೊಳ್ಳಿ. 20 ಮಿ.ಮೀ. ಅಗಲದ ಶೆಲ್‌ನಲ್ಲಿ ಈ ಅಂಚಿಂದ ಆ ಅಂಚಿಗೆ 0.04 ವ್ಯತ್ಯಾಸ ಬಂತು. ಇರುವ ಸಂದೆಲ್ಲ ಅಲ್ಲಿಗೇ ಖಾಲಿ. ಅಂಚಲ್ಲಿ ಆಯಿಲ್ ನಿಲ್ಲುವುದಿಲ್ಲ, ಲೋಹಕ್ಕೆ ಲೋಹ ಉಜ್ಜುತ್ತದೆ. ಇಂಥ ಚಿಕ್ಕ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 100 ಮಿ.ಮೀ.ಗೆ 0.05ಕ್ಕಿಂತ ಜಾಸ್ತಿ ಬಾಗಿದ ರಾಡ್ ಹಾಕಬಾರದು. ಎರಡನೇ ಸಲದ ರಿಪೇರಿ ಮೊದಲಿನದಕ್ಕಿಂತ ಬೇಗ ಹೋಗಿದ್ದಕ್ಕೂ ಕಾರಣ ಕಾಣುತ್ತದೆ. ಮೊದಲ ಸಲ ಜರ್ನಲ್ಲೂ ಶೆಲ್ ಜೊತೆ ಓರೆಯಾಗಿ ಸವೆದು ಸ್ವಲ್ಪ ಹೊಂದಿಕೊಂಡಿತ್ತು. ಗ್ರೈಂಡ್ ಮಾಡಿ ನೇರ ಮಾಡಿದಿರಿ, ರಾಡ್ ಮಾತ್ರ ಸೊಟ್ಟಗೇ ಉಳಿಯಿತು.

ನಾನು ಫೋಟೋ ನೋಡಿ ಹೇಳಿದ್ದನ್ನು ನಂಬಬೇಕಾಗಿಲ್ಲ. ನೀವೇ ನೋಡಿ. ಬೋರ್‌ನ ತುದಿಯಲ್ಲಿ ಪಿಸ್ಟನ್ ರಿಂಗ್ ಮುಟ್ಟದ ಜಾಗದಲ್ಲಿ ಕಾರ್ಬನ್ ಪಟ್ಟಿ ಇರುತ್ತದೆ. ಎರಡನೇ ಬೋರ್‌ನಲ್ಲಿ ಆ ಪಟ್ಟಿ ಉಳಿದೆರಡಕ್ಕಿಂತ ಅಗಲ ಇರಬೇಕು. ಬಾಗಿದ ರಾಡ್ ಗಿಡ್ಡ ಆಗಿರುತ್ತದೆ, ಪಿಸ್ಟನ್ ಪೂರ್ತಿ ಮೇಲಕ್ಕೆ ಬರುವುದಿಲ್ಲ. 10 ಪಿಎಸ್‌ಐ ಕಡಿಮೆ ತೋರಿಸಿದ್ದೂ ಅದಕ್ಕೇ ಇರಬೇಕು. ರಾಡ್ ಪಿಸ್ಟನ್ ಇನ್ನೂ ಬ್ಲಾಕ್‌ನಲ್ಲೇ ಇದ್ದರೆ, ಒಂದೊಂದು ಪಿಸ್ಟನ್ ಅನ್ನೂ ಟಾಪ್‌ಗೆ ತಂದು, ವರ್ನಿಯರ್ ಕ್ಯಾಲಿಪರ್‌ನ ಬಾಲದಿಂದ (ಆಳ ಅಳೆಯುವ ಕಡ್ಡಿ) ಬ್ಲಾಕ್ ಮೇಲ್ಮೈಯಿಂದ ಪಿಸ್ಟನ್‌ವರೆಗೆ ಅಳೆಯಿರಿ. ಪಿಸ್ಟನ್ ಅಲ್ಲಾಡುತ್ತದೆ, ಅದಕ್ಕೆ ಪಿನ್ನಿನ ಗೆರೆಯ ನೇರಕ್ಕೇ ಅಳೆಯಬೇಕು. ಆಮೇಲೆ ಪಿಸ್ಟನ್ ತೆಗೆದು ಅದರ ಪಕ್ಕೆ ನೋಡಿ. ಸವೆತದ ಗುರುತು ನೇರ ಇರಬೇಕು. ನಿಮ್ಮದರಲ್ಲಿ ಓರೆಯಾಗಿ ಇರುತ್ತದೆ. ಒಂದೇ ರಾಡ್ ಕೈಯಲ್ಲಿ ಹಿಡಿದು ನೋಡಿದರೆ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಮೂರನ್ನೂ ಕಿಟಕಿ ಗಾಜಿನ ಮೇಲೆ ಪಕ್ಕಪಕ್ಕ ಮಲಗಿಸಿ ನೋಡಿ.

ಮತ್ತೆ ಆ ರಾಡ್ ಅನ್ನು ಪ್ರೆಸ್‌ನಲ್ಲಿ ಒತ್ತಿ ನೇರ ಮಾಡಿಕೊಡುತ್ತೇವೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಟ್ರ್ಯಾಕ್ಟರ್ ಕಾಲದಲ್ಲಿ ನಾನೂ ಮಾಡಿದ್ದೇನೆ. ಬೇಡ. ಒಮ್ಮೆ ಬಾಗಿದ ಕಬ್ಬಿಣ ಅದೇ ಜಾಗದಲ್ಲಿ ಸೋತಿರುತ್ತದೆ. ಬೇರೆ ರಾಡ್ ತನ್ನಿ, ಹಳೆಯದಾದರೂ ಪರವಾಗಿಲ್ಲ, ರಾಡ್ ಅಲೈನರ್ ಇರುವ ಅಂಗಡಿಯಲ್ಲಿ ಚೆಕ್ ಮಾಡಿಸಿ, ಉಳಿದೆರಡರ ತೂಕಕ್ಕೆ ಹೊಂದುತ್ತದೆಯೇ ನೋಡಿ ಹಾಕಿ. ಎರಡನೇ ಜರ್ನಲ್ ಅನ್ನು ಮೈಕ್ರೋಮೀಟರ್‌ನಲ್ಲಿ ಎರಡೂ ತುದಿಯಲ್ಲಿ, ಅಡ್ಡ ಉದ್ದ ಎರಡೂ ಕಡೆ ಅಳೆಸಿ. 0.01ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಮಾತ್ರ ಮತ್ತೆ ಗ್ರೈಂಡಿಂಗ್. ಸುಮ್ಮಸುಮ್ಮನೆ ಮುಂದಿನ ಸೈಜ್‌ಗೆ ಹೋಗಬೇಡಿ. ಜೋಡಿಸಿದ ಮೇಲೆ ಪ್ಲಗ್ ಬಿಚ್ಚಿಟ್ಟು, ಆಯಿಲ್ ಲೈಟ್ ಆರುವವರೆಗೂ ಸೆಲ್ಫ್ ಹೊಡೆದು, ಆಮೇಲೆ ಸ್ಟಾರ್ಟ್ ಮಾಡಿ.

ಇದನ್ನು ಬರೆದು ಮುಗಿಸುವಷ್ಟರಲ್ಲಿ ಈ ತೀರ್ಥಹಳ್ಳಿ ಓದುಗರದೇ ಫೋನ್ ಬಂತು. ಎರಡನೇ ಪಿಸ್ಟನ್ ಉಳಿದೆರಡಕ್ಕಿಂತ 0.4 ಮಿ.ಮೀ. ಕೆಳಗೆ ನಿಲ್ಲುತ್ತದಂತೆ. ಅವತ್ತು ನೀರು ಚಿಮ್ಮಿದ್ದು ಯಾವ ಪ್ಲಗ್ ತೂತಿನಿಂದ ಅಂತ ಕೇಳಿದೆ. ಭಾವನವರಿಗೆ ನೆನಪಿಲ್ಲ. ಅಂಗಿಯೆಲ್ಲ ನೆನೆದಿದ್ದು ಮಾತ್ರ ನೆನಪಿದೆ.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಸಣ್ಣ ಗ್ಯಾರೇಜ್ ಇಟ್ಟಿದ್ದೇನೆ. ಒಂದು ಪೆಟ್ರೋಲ್ ಕಾರಿನ ಎಂಜಿನ್ ಕೆಲಸ ಮಾಡಿದ್ದೆ. 800 ಕಿ.ಮೀ.ಗೆ ಆಯಿಲ್ ಪ್ರೆಷರ್ ಇಳಿಯಿತು. ಬಿಚ್ಚಿದರೆ ರಾಡ್, ಮೇನ್ (ಬ್ಲಾಕ್‌ನಲ್ಲಿ ಕ್ರ್ಯಾಂಕ್ ಹಿಡಿಯುವವು) ಎಲ್ಲ ಶೆಲ್ಲೂ ಒಂದೇ ತರ ಸವೆದಿವೆ, ಸಣ್ಣ ಸಣ್ಣ ಗೀರು ಮೈತುಂಬ. ಆಯಿಲ್ ಹೊಸದು, ಫಿಲ್ಟರ್ ಕತ್ತರಿಸಿ ನೋಡಿದೆ, ಮರಳಿಲ್ಲ ಧೂಳಿಲ್ಲ. ಕ್ರ್ಯಾಂಕ್ ಕನ್ನಡಿ ತರ ಹೊಳೀತಿದೆ, ಅಳತೆಯೂ ಸರಿ. ಏನು ಕಾರಣ?

ಉತ್ತರ: ತಮ್ಮಾ, ಇದೇ ತಪ್ಪನ್ನು ನಾನೇ ಮಾಡಿದ್ದೇನೆ, ಅದಕ್ಕೆ ಬೇಗ ಗುರುತು ಸಿಕ್ಕಿತು. 1994. ನಮ್ಮ ಮಷಿನ್ ಕೆಟ್ಟು ರಿಪೇರಿಯಾಗಿ ಬಂದಿತ್ತು. ಎಲೆಕ್ಟ್ರಿಷಿಯನ್ ಮೋಟರ್ ವೈರ್ ಅದಲುಬದಲು ಮಾಡಿದ್ದ, ಮಷಿನ್ ಉಲ್ಟಾ ತಿರುಗುತ್ತಿತ್ತು. ಕೆಲಸ ಆಗುತ್ತಿದೆಯಲ್ಲ ಅಂತ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹದಿನೈದು ದಿನಕ್ಕೆ ಮೂರು ಕ್ರ್ಯಾಂಕ್ ವಾಪಸ್ ಬಂದವು, ಮೂರೂ ನಿಮ್ಮ ಶೆಲ್‌ನ ಹಾಗೆಯೇ.

ನಮ್ಮ ಉಸ್ತಾದ್ ಬಂದರು. ಮೈಕ್ರೋಮೀಟರ್ ಮುಟ್ಟಲೇ ಇಲ್ಲ. ಹತ್ತಿಯ ಉಂಡೆ ತೆಗೆದುಕೊಂಡು ಜರ್ನಲ್ ಸುತ್ತ ಒಂದು ಕಡೆಗೆ ಸವರಿದರು, ಜಾರಿಕೊಂಡು ಹೋಯಿತು. ಉಲ್ಟಾ ಕಡೆಗೆ ಸವರಿದರು, ಎಳೆ ಎಳೆಯಾಗಿ ಸಿಕ್ಕಿಕೊಂಡಿತು. ಬೆಕ್ಕಿನ ಬೆನ್ನನ್ನು ತಲೆಯಿಂದ ಬಾಲಕ್ಕೆ ಸವರಿದರೆ ನುಣುಪು, ಬಾಲದಿಂದ ತಲೆಗೆ ಸವರಿದರೆ ಕೂದಲು ನಿಲ್ಲುತ್ತದಲ್ಲ, ಹಾಗೆ.

ಇದು ಎಸ್.ಜಿ. ಐರನ್ ಎರಕದ ಕ್ರ್ಯಾಂಕ್‌ಗಳಲ್ಲಿ ಜಾಸ್ತಿ. ಆ ಕಬ್ಬಿಣದೊಳಗೆ ಗ್ರಾಫೈಟ್ ಉಂಡೆ ಉಂಡೆಯಾಗಿ ಇರುತ್ತದೆ. ಗ್ರೈಂಡ್ ಮಾಡುವಾಗ ಕಲ್ಲು ಆ ಉಂಡೆಯ ಬಾಯಿ ತೆರೆಯುತ್ತದೆ, ಸುತ್ತಲಿನ ಮೆತ್ತನೆ ಕಬ್ಬಿಣ ಕಣ್ಣಿಗೆ ಕಾಣದ ಮುಳ್ಳಾಗಿ ಏಳುತ್ತದೆ. ಹೊಳಪು ಎಷ್ಟೇ ಇರಲಿ, ಮುಳ್ಳು ಇರುತ್ತದೆ. ಅದಕ್ಕೇ ಗ್ರೈಂಡ್ ಮಾಡುವಾಗ ಕ್ರ್ಯಾಂಕ್ ಅನ್ನು ಎಂಜಿನ್‌ನಲ್ಲಿ ತಿರುಗುವುದಕ್ಕೆ ಉಲ್ಟಾ ತಿರುಗಿಸಬೇಕು, ಕೊನೆಯ ಪಾಲಿಶ್ ಮಾತ್ರ ಎಂಜಿನ್‌ನಲ್ಲಿ ತಿರುಗುವ ಕಡೆಗೇ ತಿರುಗಿಸಿ ಕೊಡಬೇಕು. ಆಗ ಮುಳ್ಳು ಹಿಂದಕ್ಕೆ ಮಲಗುತ್ತದೆ. ತಪ್ಪು ಕಡೆ ಪಾಲಿಶ್ ಆದರೆ ಇಡೀ ಜರ್ನಲ್ ಅರದ ಹಾಗೆ ಕೆಲಸ ಮಾಡುತ್ತದೆ.

ನಿಮ್ಮದು ಎರಕದ್ದೋ ಫೋರ್ಜಿಂಗೋ ಅಂತ ಮೊದಲು ನೋಡಿ. ಕ್ರ್ಯಾಂಕ್‌ನ ಒರಟು ಮೈಮೇಲೆ ಅಚ್ಚಿನ ಗೆರೆ ದಾರದಷ್ಟು ಸಣ್ಣ ಇದ್ದರೆ ಎರಕ. ಬೆರಳಗಲ ಪಟ್ಟಿ ತರ ಇದ್ದರೆ ಫೋರ್ಜಿಂಗ್. ಎರಕದ್ದಾದರೆ ಹತ್ತಿ ಪರೀಕ್ಷೆ ಮಾಡಿ. ಸಿಕ್ಕಿಕೊಂಡರೆ ಸರಿಯಾದ ಕಡೆಗೆ ಮತ್ತೆ ಪಾಲಿಶ್ ಮಾಡಿಸಿ, ಅಳತೆ ಮಿತಿಯೊಳಗೇ ಇದ್ದರೆ ಗ್ರೈಂಡಿಂಗ್ ಬೇಕಾಗುವುದಿಲ್ಲ. ಗ್ರೈಂಡಿಂಗ್ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಹತ್ತಿ ಉಂಡೆ ತೆಗೆದುಕೊಂಡು ಹೋಗಿ ಅವರ ಕೈಗೇ ಕೊಡಿ. ನಾನು ಆ ಮೂರು ಕ್ರ್ಯಾಂಕ್‌ಗೂ ನನ್ನ ದುಡ್ಡಲ್ಲೇ ಶೆಲ್ ತೆಗೆದುಕೊಟ್ಟೆ. ಎಲೆಕ್ಟ್ರಿಷಿಯನ್‌ಗೆ ಹೇಳಲಿಲ್ಲ, ಆತ ನನ್ನ ಷಡ್ಡಕ.

ಪ್ರಶ್ನೆ: ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತೇನೆ. ಕ್ಲಚ್ ತುಳಿದಾಗ ಎಂಜಿನ್ ಮುಂದಿನ ಪುಲ್ಲಿ ಮುಂದಕ್ಕೆ ಬಂದು ಹೋಗುವುದು ಕಣ್ಣಿಗೇ ಕಾಣುತ್ತದೆ. ಎಂಜಿನ್ ಬಿಚ್ಚಿದಾಗ ಥ್ರಸ್ಟ್ ವಾಷರ್ (ಕ್ರ್ಯಾಂಕ್ ಹಿಂದೆಮುಂದೆ ಜರುಗದಂತೆ ತಡೆಯುವ ಚೂರು) ಒಂದು ಕಡೆಯದು ಮಾತ್ರ ಬ್ಲೇಡ್ ತರ ತೆಳ್ಳಗಾಗಿದೆ, ಇನ್ನೊಂದು ಹೊಸದರ ಹಾಗಿದೆ. ಮೆಕ್ಯಾನಿಕ್ ಕೂಡ ಇಂಥದ್ದು ನೋಡಿಲ್ಲ ಅಂತಾರೆ.

ಉತ್ತರ: ತೆಳ್ಳಗಾಗಿದ್ದು ಫ್ಲೈವೀಲ್ ಕಡೆಯದು, ಅಂದರೆ ಕ್ಲಚ್ ಇರುವ ಹಿಂಭಾಗದ್ದು, ಅಲ್ವಾ? ಕ್ಲಚ್ ತುಳಿದಷ್ಟು ಹೊತ್ತೂ ಕ್ರ್ಯಾಂಕ್ ಮುಂದಕ್ಕೆ ಒತ್ತಿಸಿಕೊಳ್ಳುತ್ತದೆ. ಆ ಭಾರವನ್ನೆಲ್ಲ ಹೊರುವುದು ಆ ಅರ್ಧಚಂದ್ರದ ಚೂರು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಗೇರ್‌ನಲ್ಲೇ ಕ್ಲಚ್ ತುಳಿದುಕೊಂಡು ಕೂರುವವರ ಗಾಡಿಗೆ ಇದು ಬರುತ್ತದೆ. ನ್ಯೂಟ್ರಲ್ ಹಾಕಿ ಕಾಲು ತೆಗೆಯಿರಿ. ಕ್ಲಚ್ ಕೇಬಲ್ ತೀರಾ ಬಿಗಿಯಾಗಿ, ಫ್ರೀ ಪ್ಲೇ ಇಲ್ಲದೆ ಇದ್ದರೂ ಇದೇ ಗತಿ, ಅದನ್ನೂ ನೋಡಿಸಿ.

ಇನ್ನೊಂದು ಅನುಮಾನ. ಹಿಂದೆ ಯಾರಾದರೂ ಎಂಜಿನ್ ಬಿಚ್ಚಿದ್ದರೆ, ವಾಷರ್ ಉಲ್ಟಾ ಹಾಕಿರಬಹುದು. ಆಯಿಲ್ ಗೆರೆ ಇರುವ ಮುಖ ಕ್ರ್ಯಾಂಕ್ ಕಡೆಗೆ ಇರಬೇಕು, ಬ್ಲಾಕ್ ಕಡೆಗೆ ಅಲ್ಲ. ಹೊಸದು ಹಾಕುವ ಮುಂಚೆ ಕ್ರ್ಯಾಂಕ್‌ನ ಆ ಮುಖವನ್ನು ಬೆರಳಲ್ಲಿ ಸವರಿ ನೋಡಿ. ಗೆರೆ ಬಿದ್ದಿದ್ದರೆ ಬರೀ ವಾಷರ್ ಬದಲಿಸಿ ಪ್ರಯೋಜನ ಇಲ್ಲ.

ಪ್ರಶ್ನೆ: ಒಂದೇ ಒಂದು ಶೆಲ್‌ನ ಮಧ್ಯೆ ಕಾಳುಮೆಣಸಿನಷ್ಟು ಜಾಗ ಮಾತ್ರ ಸವೆದು ಹೊಳೆಯುತ್ತಿದೆ. ಉಳಿದದ್ದೆಲ್ಲ ಸರಿ ಇದೆ. (ಹಾಸನ)

ಉತ್ತರ: ಶೆಲ್ ತಿರುಗಿಸಿ ಬೆನ್ನು ನೋಡಿ. ಅದೇ ಜಾಗದಲ್ಲಿ ಒಂದು ಕಲೆ ಇರುತ್ತದೆ. ಕೂರಿಸುವಾಗ ಶೆಲ್ ಹಿಂದೆ ಕಸವೋ, ಬನಿಯನ್ ವೇಸ್ಟ್‌ನ ನೂಲೋ ಸೇರಿಕೊಂಡು ಉಬ್ಬಿಸಿದೆ. ಶೆಲ್ ಕೂರುವ ಜಾಗವನ್ನು ನೂಲು ಬಿಡದ ಬಟ್ಟೆಯಲ್ಲಿ ಒರೆಸಬೇಕು. ಬೆನ್ನಿಗೆ ಆಯಿಲ್ ಕೂಡ ಹಚ್ಚಬಾರದು.

ಪ್ರಶ್ನೆ: ಹೊಸ ಶೆಲ್ ಟೈಟ್ ಆಗಿದೆ. ಒಳಗೆ ಎಮರಿ ಪೇಪರ್ ಹಿಡಿಯಬಹುದಾ? (ಚಿತ್ರದುರ್ಗ)

ಉತ್ತರ: ಬೇಡ. ಟೈಟ್ ಯಾಕಿದೆ ಅಂತ ಹುಡುಕಿ. ಸೈಜ್ ತಪ್ಪಿರಬೇಕು, ಇಲ್ಲವೇ ಕ್ಯಾಪ್ ತಿರುವುಮುರುವಾಗಿರಬೇಕು.

ಪ್ರಶ್ನೆ: ಫೋಟೋ ಸರಿಯಾಗಿ ಬರುತ್ತಿಲ್ಲ. ಶೆಲ್‌ಗಳನ್ನೇ ನಿಮಗೆ ಅಂಚೆಯಲ್ಲಿ ಕಳಿಸಬಹುದೇ? (ಸಿರಸಿ)

ಉತ್ತರ: ಧಾರಾಳವಾಗಿ ಕಳಿಸಿ. ಒಂದೊಂದನ್ನೂ ಬೇರೆ ಬೇರೆ ಪೇಪರ್‌ನಲ್ಲಿ ಸುತ್ತಿ, ಮೇಲೆ ನಂಬರ್ ಬರೆಯಿರಿ. ತೊಳೆಯಬೇಡಿ, ಒರೆಸಲೂ ಬೇಡಿ. ಹಿಂದೊಮ್ಮೆ ಒಬ್ಬರು ಪೆಟ್ರೋಲ್‌ನಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಹತ್ತಿಯಲ್ಲಿ ಸುತ್ತಿ ಎಂಟು ಶೆಲ್ ಕಳಿಸಿದ್ದರು. ಬಿಚ್ಚಿದ ತಕ್ಷಣ ನನ್ನ ಹೆಂಡತಿ ನಾಮಕರಣದ ಬೆಳ್ಳಿ ಬಟ್ಟಲು ಅಂದುಕೊಂಡಳು.